ತಟ್ಟೆಯ ತಳದ ಕೆಂಪು ಚುಕ್ಕೆ

ನೇಲ್ ಪಾಲಿಶ್ ವಾಸನೆ ಮೂಗಿಗೆ ಬಡಿದರೆ ಈಗಲೂ ನನಗೆ ಕೆನಡಾದ ಮಿಸಿಸಾಗದ ನಮ್ಮ ಹಳೆಯ ಅಡುಗೆಮನೆ ನೆನಪಾಗುತ್ತದೆ.

ಎಲ್ಲರೂ ಒಂದೊಂದು ಅಡುಗೆ ತಂದು ಹಂಚಿಕೊಳ್ಳುವ ಪಾಟ್‌ಲಕ್ಕಿಗೆ ಒಯ್ದ ಸ್ಟೀಲ್ ತಟ್ಟೆಗಳು ಬೇರೆಯವರ ಮನೆ ಸೇರಬಾರದೆಂದು ಅಮ್ಮ ಎಲ್ಲದರ ತಳಕ್ಕೂ ಕೆಂಪು ನೇಲ್ ಪಾಲಿಶಿನ ಚುಕ್ಕೆ ಇಟ್ಟಿದ್ದಳು. ಹಂಗೇರಿಯಲ್ಲಿ ಕೀಳಾಗಿ ಕಾಣುವ ರೋಮಾ ಜನಾಂಗದ, ಅಲ್ಲಿಂದ ಓಡಿಬಂದ ಕುಟುಂಬವೊಂದು ಆಗ ನಮ್ಮ ಬೇಸ್‌ಮೆಂಟಿನಲ್ಲಿ ಬಾಡಿಗೆಗಿತ್ತು. ಒಂದು ಮಧ್ಯಾಹ್ನ ಅವರ ಮಗಳು ಇಲೋನಾ ನನ್ನ ಜೊತೆ ಊಟಕ್ಕೆ ಕೂತಳು. ನನ್ನ ಅಜ್ಜಿ ಕೊಟ್ಟ ತಟ್ಟೆಯನ್ನು ಮಗುಚಿ ನೋಡಿದಳು. ನನ್ನದನ್ನೂ ಮಗುಚಿದಳು, ಅಜ್ಜಿಯದನ್ನೂ.

ಹಂಗೇರಿಯ ಅವಳ ಶಾಲೆಯಲ್ಲಿ ರೋಮಾ ಮಕ್ಕಳ ತಟ್ಟೆಗಳಿಗೆ ಮಾತ್ರ ಕೆಂಪು ಬಣ್ಣ ಬಳಿದಿದ್ದರಂತೆ, ಬೇರೆ ಮಕ್ಕಳು ತಪ್ಪಿ ಅದರಲ್ಲಿ ತಿನ್ನಬಾರದೆಂದು. ಅಷ್ಟನ್ನು ತಡೆತಡೆದು ಇಂಗ್ಲಿಷಿನಲ್ಲಿ ಹೇಳಿ, ಆಸೆಯಿಂದಲೇ ಕೇಳಿದಳು: “ನೀವೂ ನಮ್ಮ ಹಾಗೇನಾ?”

“ಏನಂತೆ?” ಎಂದಳು ಅಜ್ಜಿ. ನಾನು ಎಲ್ಲವನ್ನೂ ಕನ್ನಡದಲ್ಲಿ ಹೇಳಿದೆ.

ಸಾರಿನ ಸೌಟು ಅಜ್ಜಿಯ ಕೈಯಲ್ಲೇ ನಿಂತಿತು. “ಅಲ್ಲ ಅನ್ನು. ಊರಲ್ಲಿ ನಮ್ಮನೆ ಹಿತ್ಲ ಕಿಟಕೀಲೂ ಒಂದು ಬೇರೆ ಲೋಟ ಇತ್ತು, ಕೆಲಸಕ್ಕೆ ಬರೋರಿಗೆ. ಇಟ್ಟೋರು ನಾವು.”

ನಾನು ಇಲೋನಾಗೆ “ನೋ” ಎಂದಷ್ಟೇ ಹೇಳಿದೆ.

ಅವಳು ತನ್ನ ತಟ್ಟೆಯನ್ನು ನನ್ನ ತಟ್ಟೆಯಿಂದ ಸ್ವಲ್ಪ ದೂರ ಸರಿಸಿಕೊಂಡಳು.