ನರಿಯಕ್ಕನ ಕೈ

೨೦೨೩ರ ಡಿಸೆಂಬರ್ ೧೨, ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ಮಲ್ಲಂದೂರಿನಾಚೆಯ ಕಾಫಿ ಎಸ್ಟೇಟಿನಲ್ಲಿ, ಸಿಲ್ವರ್ ಮರದ ಹಿಂದೆ ನಿಂತಿದ್ದ, ಲೆಕ್ಕ ಬರೆಯುವ ರೈಟರ್ ಪ್ರಸಾದ್, ಹಣ್ಣು ಕುಯ್ಯುವ ಸ್ವಾತಿಯ ಕೈ ಪಕ್ಕದ ಸಾಲಿನ ಮುದುಕಿ ಗಿಡ್ಡಮ್ಮನ ಚೀಲದೊಳಗೆ ಇಳಿಯುವುದನ್ನು ನೋಡಿದ.

"ಅಜ್ಜೀ, ಅಗಾ, ಅತ್ತಿ ಮರದಲ್ಲಿ ಮಂಗಟ್ಟೆ," ಎಂದಿದ್ದಳು ಸ್ವಾತಿ.

ಗಿಡ್ಡಮ್ಮ ಕತ್ತೆತ್ತಿ ಹುಡುಕುತ್ತಿದ್ದಳು. "ಎಲ್ಲೇ? ನಂಗೆ ಕಾಣ್ತಿಲ್ವಲ್ಲೇ."

ಪ್ರಸಾದನೂ ನೋಡಿದ. ಅಷ್ಟು ದೊಡ್ಡ ಹಕ್ಕಿ ಅಲ್ಲೇ, ತೆರೆದ ಕೊಂಬೆಯ ಮೇಲೆ ಕೂತಿತ್ತು. ಅದನ್ನವನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಎಸ್ಟೇಟಿನ ಶಿಶುವಿಹಾರದ ಟಿವಿಯಲ್ಲಿ ಒಂದು ಕಾರ್ಟೂನ್ ಬರುತ್ತದೆ. ನರಿ ಪೆದ್ದು ಕರಡಿಗೆ ಆಕಾಶ ತೋರಿಸಿ, ಅದರ ಜೇನಿನ ಗಡಿಗೆಗೆ ಕೈ ಹಾಕುತ್ತದೆ. ಸ್ವಾತಿ ಆ ನರಿಯ ಹಾಗೆ ನಡೆದು ತೋರಿಸಿ ಮಕ್ಕಳನ್ನು ನಗಿಸುತ್ತಿದ್ದಳು. ಎಲ್ಲರೂ ಅವಳನ್ನು ನರಿಯಕ್ಕ ಎನ್ನುತ್ತಿದ್ದರು. ಕರಡಿ ಯಾರೆಂದು ಮಕ್ಕಳು ಕೇಳಿದರೆ ಗಿಡ್ಡಮ್ಮ ತಾನೇ ಕೈ ಎತ್ತುತ್ತಿದ್ದಳು.

ಪ್ರಸಾದ್ ಬಿ.ಎಸ್ಸಿ. ಓದಿದವನು. ಈ ಕೊಯ್ಲು ಶುರುವಾದಾಗಿನಿಂದ ಇಬ್ಬರ ಚೀಲದ ತೂಕವೂ ದಿನಾ ಹೆಚ್ಚುಕಡಿಮೆ ಒಂದೇ, ನಲವತ್ತೆರಡು ಕಿಲೋ ಆಸುಪಾಸು. ಇಬ್ಬರ ಕೈ ಹೀಗೆ ಒಂದೇ ಸಮ ಕುಯ್ಯುವುದಿಲ್ಲ. ಒಂದು ಚೀಲದ ಹಣ್ಣು ಇನ್ನೊಂದಕ್ಕೆ ಹೋಗುತ್ತಿದೆ. ಗಿಡ್ಡಮ್ಮನಾದರೋ ಪ್ರಾಯದಲ್ಲಿ ಎರಡೂ ಕೈಯಲ್ಲಿ ಕುಯ್ದು ಹೆಸರಾದವಳು. ಸ್ವಾತಿ ಮಾತಿನ ಮಲ್ಲಿ. ಇನ್ನೇನು ಬೇಕು? ಇವತ್ತಿನ ತೂಕದಲ್ಲಿ ನಲವತ್ತು ಕಿಲೋ ಮುಟ್ಟದವರಿಗೆ ನಾಳೆಯಿಂದ ಕೆಲಸವಿಲ್ಲ, ಇರಲು ಲೈನ್ ಮನೆಯೂ ಇಲ್ಲ ಎಂದು ಮ್ಯಾನೇಜರ್ ಅಶ್ವಿನ್ ಬೆಳಿಗ್ಗೆಯೇ ಹೇಳಿದ್ದರು.

ಪ್ರಸಾದ್ ಹೋಗಿ ಸ್ವಾತಿಯ ಕೈ ಹಿಡಿದ. ಮುಷ್ಟಿಯಲ್ಲಿ ಕೆಂಪು ಹಣ್ಣು. ಅದನ್ನು ಗಿಡ್ಡಮ್ಮನ ಚೀಲಕ್ಕೇ ಹಾಕಿಸಿ, ದಬ್ಬಳ ತರಿಸಿ, ತೂಕದವರೆಗೆ ಯಾರೂ ಕೈ ಹಾಕದಂತೆ ಎರಡೂ ಚೀಲಗಳ ಬಾಯಿ ಹೊಲಿಯಲು ಕೂತ.

"ಹೊಲಿಬೇಡಿ ರೈಟರೇ," ಸ್ವಾತಿ ಮೆಲ್ಲಗೆ ಅಂದಳು. "ಅಜ್ಜಿ ನಾನು ಹೇಳಿದ್ದನ್ನೆಲ್ಲ ನಂಬ್ತಾರೆ. ಅವ್ರಿಗೆ ಗೊತ್ತಾಗೋದ್ ಬೇಡ."

"ಎಲ್ರ ಎದುರಿಗೇ ಗೊತ್ತಾಗ್ಲಿ."

ಸಂಜೆ ಕಣದಲ್ಲಿ ತಕ್ಕಡಿಯ ಪಕ್ಕ ಅಶ್ವಿನ್ ನಿಂತಿದ್ದರು. ಸ್ವಾತಿ ತಲೆ ತಗ್ಗಿಸಿದ್ದಳು. ಗಿಡ್ಡಮ್ಮ ಅವಳ ಬೆನ್ನು ಸವರಿದಳು. "ಹೆದರ್ಬೇಡ ಕಣೇ ನರಿ. ನಿಂದು ಕಮ್ಮಿ ಬಂದ್ರೆ ನಂದ್ರಲ್ಲಿ ಎರಡು ಬೊಗಸೆ ತಗೋ. ನಾನು ಹೇಳ್ತೀನಿ ಅವ್ರಿಗೆ."

ಮೊದಲು ಸ್ವಾತಿಯ ಚೀಲ. ಅದನ್ನೆತ್ತಲು ಇಬ್ಬರು ಬೇಕಾದರು. ಅರವತ್ತಾರು ಕಿಲೋ. ಪ್ರಸಾದ್ ತಕ್ಕಡಿಯನ್ನು ತಟ್ಟಿ ಮತ್ತೆ ತೂಗಿದ. ಅಷ್ಟೇ ಬಂತು.

ಗಿಡ್ಡಮ್ಮನ ಚೀಲವನ್ನು ಅವನೊಬ್ಬನೇ ಎತ್ತಿ ಕೊಕ್ಕೆಗೆ ಸಿಕ್ಕಿಸಿದ. ಆಮೇಲೆ ಕೈ ತೆಗೆಯಲು ಅವನಿಗೆ ಮನಸ್ಸಾಗಲಿಲ್ಲ.

"ಎಷ್ಟು ಬಂತು ಅಂತ ಓದ್ರಪ್ಪ," ಗಿಡ್ಡಮ್ಮ ನಗುತ್ತಲೇ ಕೇಳಿದಳು. "ನಂಗೆ ಮುಳ್ಳು ಕಾಣಲ್ಲ."

ಅಶ್ವಿನ್ ಬಗ್ಗಿ ನೋಡಿ ಓದಿದರು.

ಹತ್ತೊಂಬತ್ತು ಕಿಲೋ.