ನೇರಳೆ ಗೆರೆ

"ಅಲುಗಾಡಬೇಡಿ ಅಪ್ಪ. ಇನ್ನೊಂಚೂರು ತಲೆ ಬಗ್ಗಿಸಿ."

ಬಚ್ಚಲಮನೆಯ ಸ್ಟೂಲಿನ ಮೇಲೆ ಅಪ್ಪ ಕೂತಿದ್ದರು. ಮಗ ಒಂದು ಕೈಯಲ್ಲಿ ಮೊಬೈಲಿನ ಟಾರ್ಚ್ ಹಿಡಿದು, ಇನ್ನೊಂದು ಕೈಯಿಂದ ಅವರ ಕೂದಲನ್ನು ಎಳೆ ಎಳೆಯಾಗಿ ಬಿಡಿಸಿ ನೋಡುತ್ತಿದ್ದ.

"ಹೇನು ಹುಡುಕ್ತಿದೀಯೇನೋ? ಸಿಕ್ಕಿದ್ರೆ ಕೊಲ್ಬೇಡ. ಈ ವಯಸ್ಸಲ್ಲಿ ಜೊತೆಗೆ ಯಾರಾದ್ರೂ ಇದ್ರೆ ಒಳ್ಳೇದೇ."

ಸಿಕ್ಕಿದ್ದು ಬರೀ ಕೂದಲು. ಬಿಳಿಯದೇ, ಆದರೆ ಬ್ರಷ್ಷಿನಂಥದ್ದು. ಜೀವಮಾನವಿಡೀ ಬಸ್ಸು ಓಡಿಸಿ, ಎಪ್ಪತ್ತು ದಾಟಿದ ಮನುಷ್ಯನ ನೆತ್ತಿಯಲ್ಲಿ ಬೆರಳು ತೂರಿಸಲೂ ಜಾಗವಿರಲಿಲ್ಲ. ಮಗ ಫೋಟೋ ಹೊಡೆದುಕೊಂಡ. ಸೋದರಮಾವಂದಿರ ತಲೆಗಳು ಆಗಲೇ ಮೊಬೈಲಿನಲ್ಲಿದ್ದವು. ಅಲ್ಲೂ ಕಾಡೇ.

"ನಿನ್ನ ತಲೆ ನಿಮ್ಮಮ್ಮನ ಕಡೇದು ಕಣೋ," ಎಂದರು ಅಪ್ಪ, ಟವೆಲ್ ಕೊಡವುತ್ತ.

ಅಡುಗೆಮನೆಯಲ್ಲಿ ಅಮ್ಮ ತೊಳೆಯುತ್ತಿದ್ದ ಪಾತ್ರೆಗಳ ಸದ್ದು ಜೋರಾಯಿತು.

ಅವನದು ಕನ್ನಡಕದ ಅಂಗಡಿ. ಎಲ್ಲ ಗೋಡೆಗೂ ಕನ್ನಡಿ. ಗಿರಾಕಿಯ ಮೂಗಿನ ಮೇಲೆ ಫ್ರೇಮ್ ಕೂರಿಸುವಾಗೆಲ್ಲ ಎದುರಿನ ಕನ್ನಡಿಯೊಳಗೆ ಹಿಂದಿನ ಕನ್ನಡಿ, ಅದರೊಳಗೆ ಅವನ ನೆತ್ತಿ. ಕೆಲವು ವರ್ಷಗಳ ಹಿಂದೆ, ಮನೆಗೆ ಹಳೆಯ ಪರಿಚಯದ, ನೆಂಟರಲ್ಲದಿದ್ದರೂ ಅವನು ಚಿಕ್ಕಂದಿನಿಂದ ಮಾಮ ಎಂದೇ ಕರೆಯುವ ಡಾಕ್ಟರೇ ಅವನ ಹಿಂದಲೆಯ ಕೂದಲು ತೆಗೆದು ಹಣೆಯ ಮೇಲೆ ನೆಟ್ಟಿದ್ದರು. ನೆಟ್ಟದ್ದು ಒಂದೂ ಉದುರಿರಲಿಲ್ಲ. ಅದರ ಹಿಂದಿನ ಹುಟ್ಟುಗೂದಲು ಮಾತ್ರ ದಿನಾ ದಿಂಬಿನ ಮೇಲೆ. ಮುಂದೆ ಪೊದೆ, ಹಿಂದೆ ಬಯಲು.

ಪೊದೆ ಎಂದರೂ ಹೆಚ್ಚಾಯಿತು. ಮಾಮ ಜಿಪುಣರ ಹಾಗೆ ನೆಟ್ಟಿದ್ದರು. ಹಣೆಯ ಕೂದಲ ಗೆರೆಯನ್ನೂ ಮೇಲೆಯೇ ನಿಲ್ಲಿಸಿದ್ದರು. ಕೇಳಿದ್ದಕ್ಕೆ, "ಹಿಂದಲೇದು ಮತ್ತೆ ಚಿಗುರೋ ಬೆಳೆ ಅಲ್ಲಪ್ಪ. ಕಿತ್ತ ಜಾಗ ಖಾಲಿನೇ. ಮುಂದಕ್ಕೆ ಉಳಿಸ್ಕೋಬೇಕು," ಎಂದಿದ್ದರು. ಅಮ್ಮನೂ ಹೂಂಗುಟ್ಟಿದ್ದಳು. "ಅವರು ಹೇಳಿದ ಹಾಗೆ ಕೇಳು. ಅವರಿಗೆ ಗೊತ್ತಿರುತ್ತೆ."

ಈಗ ಊರಾಚೆಯ ಹೊಸ ಆಸ್ಪತ್ರೆಯವರು ಅವನ ತಲೆ ನೋಡಿ ನಕ್ಕಿದ್ದರು. "ಯಾರ್ರೀ ಇಷ್ಟು ಹೆದರಿ ಹೆದರಿ ಮಾಡಿದ್ದು? ನಿಮ್ಮ ತಂದೆಯವರದ್ದು, ಮಾವಂದಿರದ್ದು ಗಟ್ಟಿ ಇದ್ರೆ ನಿಮ್ಮದೂ ಇಷ್ಟಕ್ಕೇ ನಿಲ್ಲುತ್ತೆ. ಉಳಿದಿದ್ದನ್ನೆಲ್ಲ ಒಂದೇ ಸಲ ಹಾಕಿಬಿಡೋಣ." ನಾಳೆ ಬೆಳಿಗ್ಗೆ ಬರಲು ಹೇಳಿದ್ದರು. ಅದಕ್ಕೆಂದೇ ಅವನು ಕೂದಲನ್ನು ಬುಡದವರೆಗೆ ಕತ್ತರಿಸಿಕೊಂಡಿದ್ದ.

ಅಂದರೆ ಮಾಮ ಕೆಲಸ ಕೆಡಿಸಿದ್ದರು. ಕೆಡಿಸಿ, ಉಳಿಸಿದ್ದೇನೆ ಎಂದು ಕಥೆ ಕಟ್ಟಿದ್ದರು. ಬೇರೆ ಯಾರಾದರೂ ಆಗಿದ್ದರೆ ಬೈದು ಮರೆಯಬಹುದಿತ್ತು. ಅವನು ಸೈಕಲ್ ಕಲಿಯುವಾಗ ಹಿಂದೆ ಓಡಿದವರು ಇವರು. ಅವನಿಗೆ ಜ್ವರ ಬಂದರೆ ಅಮ್ಮನ ಒಂದು ಫೋನಿಗೆ ಚಪ್ಪಲಿ ಅದಲುಬದಲು ಹಾಕಿಕೊಂಡು ಬಂದವರು. ಆ ಕೈಯೇ ಮೋಸ ಮಾಡಿತಲ್ಲ. ಅವನು ಮೊಬೈಲ್ ಜೇಬಿಗಿಟ್ಟುಕೊಂಡು ನೇರ ಅವರ ಬಳಿಗೇ ಹೊರಟ.

ಮಾಮನ ಕ್ಲಿನಿಕ್ಕಿನಲ್ಲಿ ಆ ಹೊತ್ತಿಗೆ ಬೇರೆ ಯಾರೂ ಇರಲಿಲ್ಲ. ಫ್ಯಾನ್ ಗಿರಗಿರ ತಿರುಗುತ್ತಿತ್ತು. ಮೇಜಿನ ಮೇಲಿನ ಕಾಗದಗಳು ಹಾರಾಡುತ್ತಿದ್ದವು. ಮಾಮನ ತಲೆಯ ಕಪ್ಪು ಕೂದಲು ಮಾತ್ರ ಒಂದೆಳೆಯೂ ಅಲುಗದೆ ಒಪ್ಪವಾಗಿ ಕೂತಿತ್ತು. ಮುದುಕ ತನ್ನದನ್ನು ಭದ್ರ ಮಾಡಿಕೊಂಡಿದ್ದಾನೆ, ಎಂದುಕೊಂಡ.

ಮೊಬೈಲನ್ನು ಅವರ ಮುಂದೆ ತಳ್ಳಿದ.

"ಇದು ಅಪ್ಪನ ತಲೆ. ಇದು ದೊಡ್ಡ ಮಾವ, ಇದು ಚಿಕ್ಕ ಮಾವ. ಯಾರ ನೆತ್ತಿ ಬೋಳು? ತೋರಿಸಿ ಮಾಮ."

ಮಾಮ ಅಪ್ಪನ ಫೋಟೋವನ್ನು ಬಹಳ ಹೊತ್ತು ನೋಡಿದರು. "ಒಳ್ಳೇ ತಲೆ. ಒಳ್ಳೇ ಮನುಷ್ಯ."

"ಅದು ಬಿಡಿ. ನನ್ನದನ್ನ ಹಾಳು ಮಾಡಿದ್ದು ಒಪ್ಕೊಳ್ಳಿ. ನಾಳೆ ಬೇರೆ ಕಡೆ ಹಾಕಿಸ್ಕೋತಿದೀನಿ, ಇರೋದನ್ನೆಲ್ಲ."

"ಬೇಡ ಕಣೋ."

"ಯಾಕೆ?"

ಮಾಮ ನೇರಳೆ ಮಾರ್ಕರ್ ತೆಗೆದರು. ಅವನ ನೆತ್ತಿಯ ಮೇಲೆ ತಣ್ಣನೆಯ ತುದಿ ಹರಿಯಿತು. ಆ ಕೈ ಎಲ್ಲೂ ನಿಂತು ಯೋಚಿಸಲಿಲ್ಲ. ಬಾಯಿಪಾಠ ಬರೆಯುವವರ ಹಾಗೆ ಬರೆಯಿತು.

"ಐವತ್ತರ ಹೊತ್ತಿಗೆ ಇಲ್ಲೀವರೆಗೂ ಹೋಗುತ್ತೆ. ಎಡಗಿವಿ ಮೇಲೆ ಹೀಗೆ, ಬಟ್ಟಲ ಥರ ಕೆಳಗಿಳಿಯುತ್ತೆ. ಬಲಗಡೆ ಇಳಿಯೋಲ್ಲ. ನಾಳೆ ಎಲ್ಲ ಖರ್ಚು ಮಾಡಿಬಿಟ್ರೆ ಆಗ ನೆಡೋಕೆ ಒಂದೆಳೆನೂ ಇರೋಲ್ಲ."

"ಎಡಗಿವಿ ಮೇಲೆ!" ಅವನು ನಕ್ಕುಬಿಟ್ಟ. "ಭವಿಷ್ಯ ಹೇಳೋ ಅಂಗಡಿನೂ ತೆಗೆದ್ರಾ? ಇರಿ, ಅಮ್ಮನ್ನೇ ಕೇಳ್ತೀನಿ, ಇಂಥ ತಲೆ ನಮ್ಮ ಮನೇಲಿ ಯಾರಿಗಿದೆ ಅಂತ."

"ಅವಳನ್ನ ಕೇಳ್ಬೇಡ."

ಅವನು ಎದ್ದ. ಮಾಮ ಅವನಿಗಿಂತ ಮೊದಲು ಬಾಗಿಲಿಗೆ ಹೋಗಿ ಚಿಲಕ ಹಾಕಿದರು. ಗೋಡೆಗನ್ನಡಿಯ ಮುಂದೆ ಬಂದು ಅವನ ಪಕ್ಕದಲ್ಲಿ ನಿಂತರು. ಎರಡೂ ಕೈ ಎತ್ತಿ, ಟೋಪಿ ತೆಗೆಯುವ ಹಾಗೆ, ತಲೆಗೂದಲನ್ನು ಪೂರ್ತಿ ಎತ್ತಿ ಮೇಜಿನ ಮೇಲಿಟ್ಟರು.

ಹಣೆಯ ಮೇಲೆ ಯಾವ ಕಾಲದಲ್ಲೋ ನೆಡಿಸಿಕೊಂಡ ಒಂದು ಹಿಡಿ ಕೂದಲು, ಒಂಟಿ ದ್ವೀಪದ ಹಾಗೆ. ಅದರ ಹಿಂದೆ ಬರೀ ಚರ್ಮ. ಎಡಗಿವಿಯ ಮೇಲೆ ಬಟ್ಟಲಿನಂತೆ ಕೆಳಗಿಳಿದ ಅಂಚು. ಬಲಗಡೆ ಇಳಿದಿರಲಿಲ್ಲ.

ಕನ್ನಡಿಯಲ್ಲಿ ಎರಡು ತಲೆಗಳು ಅಕ್ಕಪಕ್ಕ. ಒಂದರ ಮೇಲೆ ಇನ್ನೂ ಒಣಗದ ನೇರಳೆ ಗೆರೆ. ಇನ್ನೊಂದರಲ್ಲಿ ಅದೇ ಗೆರೆ, ಚರ್ಮದಲ್ಲೇ.

"ಚಿಕ್ಕ ವಯಸ್ಸಲ್ಲಿ ಆಸೆಬಿದ್ದು ಇದ್ದದ್ದನ್ನೆಲ್ಲ ಒಂದೇ ಸಲ ಹಾಕಿಸ್ಕೊಂಡೆ," ಎಂದರು ಮಾಮ. "ನಿನಗೆ ಹೀಗಾಗ್ಬಾರದು ಅಂತ. ಅಷ್ಟೇ." ಕನ್ನಡಿಯಿಂದ ಮುಖ ತಿರುಗಿಸಿ, "ನಿಮ್ಮಮ್ಮನ್ನ ಏನೂ ಅನ್ಬೇಡ," ಎಂದರು.

ಅವನ ಮೊಬೈಲಿನಲ್ಲಿ ಅಪ್ಪನ ಬಿಳಿ ತಲೆ ಇನ್ನೂ ಬೆಳಗುತ್ತಿತ್ತು.

ಮಾಮ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿ ಹಿಡಿದು ಕೈ ಚಾಚಿದರು. "ಬಾ, ಆ ಗೆರೆ ಒರೆಸ್ತೀನಿ. ಹೀಗೇ ಮನೆಗೆ ಹೋಗ್ಬೇಡ."

"ಬೇಡ," ಎಂದ ಅವನು. "ಅಪ್ಪ ಒರೆಸ್ತಾರೆ."