ಮಗನ ವಿಳಾಸ

“ವೀರೇಶ ಸಂಗಪ್ಪ ಹಡಗಲಿ…”

ಫ್ಯಾಮಿಲಿ ಕೋರ್ಟಿನ ಬಾಗಿಲಲ್ಲಿ ನಿಂತ ಅಟೆಂಡರ್ ಮತ್ತೊಮ್ಮೆ ಕೂಗಿದ. ವರಾಂಡದ ಬೆಂಚುಗಳಿಂದ ಯಾರೂ ಏಳಲಿಲ್ಲ.

ಮೂರನೆಯ ಸಲ ಕೂಗಿದಾಗ ಪುಟ್ಟ ಸೃಷ್ಟಿ ತಾಯಿಯ ಪಕ್ಕದಿಂದ ಎದ್ದು, ಕೈಕಟ್ಟಿ ನಿಂತು, ಗಟ್ಟಿಯಾಗಿ ಹೇಳಿದಳು… “ಆಬ್ಸೆಂಟ್ ಸರ್.”

ಶಾಲೆಯಲ್ಲಿ ಹಾಜರಿ ಕರೆಯುವಾಗ, ಬಾರದ ಗೆಳತಿಯರ ಪರವಾಗಿ ಅವಳು ಹೇಳುತ್ತಿದ್ದುದು ಹಾಗೆಯೇ. ಈ ಹೆಸರು ಅಪ್ಪನದೆಂದು ಅವಳಿಗೆ ಗೊತ್ತಿತ್ತು.

ವರಾಂಡದಲ್ಲಿದ್ದವರೆಲ್ಲ ನಕ್ಕರು. “ಶಾಣ್ಯಾ ಅದಾಳ ನೋಡ್ರಿ, ನಮ್ಮ ಕೆಲಸಾನೂ ಈಕೀನ ಮಾಡಾಕತ್ತಾಳ” ಎಂದ ಒಬ್ಬ ವಕೀಲ.

ಸೃಷ್ಟಿಯ ಮುಖ ಸಣ್ಣದಾಯಿತು. “ತಪ್ಪು ಹೇಳಿದ್ನೇನ್ ಮಮ್ಮಿ?”

ತಾಯಿ ದಾನೇಶ್ವರಿ ಮಗಳ ಕೈ ಹಿಡಿದು, ನೆಲ ನೋಡುತ್ತ ಒಳಗೆ ಹೋದಳು.

ಎದುರಿನ ಬೆಂಚಿನಲ್ಲಿದ್ದ ನೀಲವ್ವ ಮಾತ್ರ ನಕ್ಕಿರಲಿಲ್ಲ. ಆಕೆ ವೀರೇಶನ ತಾಯಿ… ಸೃಷ್ಟಿಯ ಅಜ್ಜಿ.

ಹೆಂಡತಿ, ಮಗಳನ್ನು ಬಿಟ್ಟು ವೀರೇಶ ಹೋದ ಮೇಲೆ ದಾನೇಶ್ವರಿ ವಿಚ್ಛೇದನ, ಮಗಳ ಕಸ್ಟಡಿ, ಜೀವನಾಂಶ ಕೇಳಿ ಅರ್ಜಿ ಹಾಕಿದ್ದಳು. ಕೋರ್ಟಿನ ಅಮೀನ ನೋಟಿಸ್ ಹಿಡಿದು ಬಂದಾಗಲೆಲ್ಲ ನೀಲವ್ವ ಒಂದೇ ಮಾತು ಹೇಳಿ ಕಳಿಸುತ್ತಿದ್ದಳು… “ಎಲ್ಲಿ ಅದಾನೋ ಗೊತ್ತಿಲ್ರಿ.”

ಆದರೆ ಮಗ ದಿನವೂ ಅವಳಿಗೆ ಫೋನ್ ಮಾಡುತ್ತಿದ್ದ. ಇವತ್ತು ಅವಳು ಬಂದದ್ದೂ ಇಲ್ಲಿ ನಡೆದದ್ದನ್ನು ಅವನಿಗೆ ತಿಳಿಸಲಿಕ್ಕೇ.

ನೀಲವ್ವ ಎದ್ದು ಹೋಗಿ ಕೋರ್ಟ್ ಹಾಲಿನ ಬಾಗಿಲ ಬಳಿ ನಿಂತಳು.

ಒಳಗೆ ಜಡ್ಜ್ ಮೇಡಂ ದಾನೇಶ್ವರಿಗೆ ಹೇಳುತ್ತಿದ್ದರು… “ಪೇಪರ್‌ನಲ್ಲಿ ನೋಟಿಸ್ ಹಾಕಿಸಿ ಕೇಸ್ ಮುಂದುವರಿಸಬಹುದಮ್ಮ. ಡೈವೋರ್ಸ್ ಸಿಗಬಹುದು. ಆದ್ರೆ ಆ ಮನುಷ್ಯ ಎಲ್ಲಿದ್ದಾನೆ ಅಂತಾನೇ ಗೊತ್ತಿಲ್ಲದಿದ್ರೆ, ಮಗುವಿನ ಖರ್ಚನ್ನ ಯಾರಿಂದ ವಸೂಲು ಮಾಡಿಸೋದು?”

“ನನಗ ಗೊತ್ತೈತ್ರಿ…”

ಎಲ್ಲರೂ ಬಾಗಿಲ ಕಡೆ ತಿರುಗಿದರು. ನೀಲವ್ವ ಮುಂದೆ ಬಂದು, ಬೆಳಗಾವಿಯಲ್ಲಿ ಮಗ ಇರುವ ಮನೆ, ಅವನು ಸೂಪರ್‌ವೈಸರ್ ಆಗಿರುವ ಫೌಂಡ್ರಿ, ಎಲ್ಲ ಹೇಳಿದಳು.

“ಇಷ್ಟು ದಿನ ಯಾಕೆ ಮುಚ್ಚಿಟ್ರಿ?” ಜಡ್ಜ್ ಮೇಡಂ ಕೇಳಿದರು.

“ಮಗನ ಮಾನ ಕಾಯ್ತೀನಿ ಅನ್ಕೊಂಡಿದ್ದೆರಿ…” ಅವಳ ತಲೆ ತಗ್ಗಿತು. “ಇವತ್ತ ಈ ಕೂಸಿನ ಮಾನ ಹೋತು.”

ಹೊರಗೆ ಬಂದ ಮೇಲೆ ದಾನೇಶ್ವರಿ ಅವಳನ್ನು ತಡೆದಳು. “ಮೊದಲ ಹೇಳಿದ್ರ ಏನಾಗ್ತಿತ್ರಿ ಅತ್ತಿ? ಅಮೀನನ ಜೋಡಿ ನಾನೂ ಬಂದು ನಿಮ್ಮ ಬಾಗಿಲದಾಗ ನಿಂತಿದ್ದೆ. ನನ್ನ ಮುಖ ನೋಡೇ ಸುಳ್ಳು ಹೇಳಿದ್ರಿ.”

ನೀಲವ್ವ ಸೊಸೆಯ ಎದುರಿಗೇ ಮಗನಿಗೆ ಫೋನ್ ಹಚ್ಚಿದಳು. ಕಿವಿ ಮಂದ, ಹಾಗಾಗಿ ಸ್ಪೀಕರ್ ಆನ್ ಮಾಡಿಯೇ ಮಾತಾಡುವುದು ರೂಢಿ.

“ಕೋರ್ಟಿನಾಗ ನಿನ್ನ ವಿಳಾಸ ಹೇಳೀನಪಾ.”

ಆ ಕಡೆಯಿಂದ ವೀರೇಶ ಸಿಡುಕಿದ…

“ತಲಿ ಕೆಟ್ಟೈತೇನವ್ವಾ ನಿಂದು? ಈಗಿಂದೀಗ ಒಳಗ ಹೋಗು. ವಯಸ್ಸಾಗೇತಿ, ತಪ್ಪಿ ಹೇಳ್ದೆ ಅನ್ನು.”

ಆಮೇಲೆ ಅವನ ದನಿ ಮೆತ್ತಗಾಯಿತು. “ಕೇಳವ್ವಾ… ಅಷ್ಟು ಮಾಡು, ಆಮ್ಯಾಲ ನಾನ ಬಂದು ಹುಡುಗಿ ಕಸ್ಟಡಿ ಕೇಳ್ತೀನಿ. ತಂದು ನಿನ್ನ ಉಡಿಯಾಗ ಹಾಕ್ತೀನಿ. ಆಕಿ ನಿನ್ನ ಹತ್ರಾನ ಬೆಳೀಲಿ. ಅದನ್ನ ಅಲ್ಲೇನು ನೀ ದಿನಾ ಅಳಕೋತ ಕೇಳೂದು?”

ಹೌದು… ಅವಳು ಕೇಳುತ್ತಿದ್ದುದು ಅದೊಂದನ್ನೇ. ಸೊಸೆ ಮಗಳನ್ನು ಕರೆದುಕೊಂಡು ಮನೆ ಬಿಟ್ಟಾಗಿನಿಂದ ಮೊಮ್ಮಗಳ ಜಡೆ ಹೆಣೆಯಲು ಅವಳ ಕೈ ಹಾತೊರೆಯುತ್ತಿತ್ತು.

ನೀಲವ್ವ ಸೃಷ್ಟಿಯನ್ನು ನೋಡಿದಳು. ಅಪ್ಪನ ದನಿ ಕೇಳಿ ಅವಳು ತಾಯಿಯ ಸೀರೆ ಹಿಡಿದು ಹಿಂದೆ ಸರಿದಿದ್ದಳು.

“ಬ್ಯಾಡ” ಎಂದಳು ನೀಲವ್ವ. “ಕೂಸು ಅವರವ್ವನ ಹತ್ರಾನ ಇರ್ಲಿ. ಹೇಳಿದ ಮಾತು ನಾ ಹಿಂದ ತಗೊಳ್ಳಂಗಿಲ್ಲ.”

*

ತಪ್ಪು ಮಾಡಿದವರನ್ನು ಬಚ್ಚಿಡುವ ಪ್ರೀತಿಯಿಂದಾಗಿ, ಕೊನೆಗೆ ಏನೂ ತಪ್ಪು ಮಾಡದವರೇ ತಲೆತಗ್ಗಿಸಬೇಕಾಗುತ್ತದೆ…

ನಮ್ಮವರೆಂಬ ಒಂದೇ ಕಾರಣಕ್ಕೆ, ಇವತ್ತು ನಾವು ಯಾರ ಸುಳ್ಳಿಗೆ ಕಾವಲು ಕೂತಿದ್ದೇವೆ?